ಮುಖ ಕಾಣುವ ತಾಮ್ರ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಐವತ್ತು ವರ್ಷ ಹುಣಸೆಹಣ್ಣು ಬಿಡಿಸುತ್ತಲೇ ಬಾಳಿದ ಗುರುಪಾದವ್ವ. ಹೇಳಿದ್ದು ಹೋಳಿ ಹುಣ್ಣಿಮೆಗೆ ಆರು ದಿನ ಮುಂಚೆ, ಮಧ್ಯಾಹ್ನದ ಊಟವಾದ ಮೇಲೆ, ಅವರದೇ ಅಂಗಳದಲ್ಲಿ. ಹನ್ನೊಂದು ಮಂದಿ ಹೆಂಗಸರು, ಇಬ್ಬರು ಗಂಡಸರು ಬೀಜ ತೆಗೆಯುತ್ತ ಕುಳಿತಿದ್ದರು; ಆ ಕೆಲಸ ಬಾರದ ನಾನು ಬರೆದುಕೊಳ್ಳುತ್ತಿದ್ದೆ. ಆಮೇಲೆ ಇದೇ ಕಥೆ ಬೇರೆ ಮೂರು ಕಡೆ ಸಿಕ್ಕಿತು. ಒಂದರಲ್ಲಿ ಮಗುವಿಗೆ ಹೆಸರಿಲ್ಲ. ಇನ್ನೊಂದರಲ್ಲಿ ಅಧ್ಯಕ್ಷರು ಇಬ್ಬರು. ಮೂರನೆಯದರಲ್ಲಿ ಅಧ್ಯಕ್ಷರದು ಎಳ್ಳಷ್ಟೂ ತಪ್ಪಿಲ್ಲ; ಅದನ್ನು ಹೇಳಿದವರು ಸ್ವತಃ ಒಂದು ಸಂಘದ ಅಧ್ಯಕ್ಷರಾಗಿದ್ದರು. ನಾನು ಗುರುಪಾದವ್ವನ ಪಾಠವನ್ನೇ ಹಿಡಿದಿದ್ದೇನೆ. ಊರು ಎಲ್ಲಿದೆ ಎಂದು ಕೇಳಿದಾಗ ಅವರು ಹುಣಸೆ ಮೆತ್ತಿದ ಕೈಯಿಂದ ಮೂರು ದಿಕ್ಕು ತೋರಿಸಿ, "ಹಂಗ ಹೋಗಿ ಹಿಂಗ ಹೊಳ್ಳರಿ, ಇಳಿಜಾರ ಸಿಗತೈತಿ, ಅದ ಊರು" ಎಂದರು. ಅದಕ್ಕಿಂತ ಹೆಚ್ಚಿನ ವಿಳಾಸ ನನ್ನಲ್ಲಿಲ್ಲ.

ಆ ಊರಿನಲ್ಲಿ ಬಿಟ್ಟ ಉಸಿರು ಮೇಲೇರುತ್ತಿರಲಿಲ್ಲ. ಮೂಗು ಬಾಯಿಗಳಿಂದ ಹೊರಬಿದ್ದದ್ದು ನೀರಿನಂತೆ ಇಳಿದು ನೆಲದ ಮೇಲೆ ನಿಲ್ಲುತ್ತಿತ್ತು. ಇಳಿಜಾರು ಸಿಕ್ಕರೆ ಹರಿಯುತ್ತಿತ್ತು. ಕಣ್ಣಿಗೆ ಕಾಣುತ್ತಿರಲಿಲ್ಲ, ದೀಪಕ್ಕೆ ಮಾತ್ರ ತಿಳಿಯುತ್ತಿತ್ತು. ಹೀಗಾಗಿ ಮನೆಮನೆಯ ಬಾಗಿಲಲ್ಲಿ ಹಗ್ಗಕ್ಕೆ ಕಟ್ಟಿದ ಒಂದು ಮಟ್ಟದೀಪ ತೂಗುತ್ತಿತ್ತು. ಬೆಳಗ್ಗೆ ಎದ್ದ ಹೆಂಗಸು ಅದನ್ನು ಹಚ್ಚಿ ಮೆಲ್ಲನೆ ಇಳಿಬಿಡುವಳು. ಎಲ್ಲಿ ನಂದಿತೋ ಅಲ್ಲಿಯವರೆಗೆ ಉಸಿರು. "ಇವತ್ತ ಮೊಳಕಾಲು", "ಇವತ್ತ ತೊಡಿ" ಎಂದು ಬೀದಿಯವರು ಒಬ್ಬರಿಗೊಬ್ಬರು ಕೂಗಿ ಹೇಳುವರು, ಬೇರೆ ಊರವರು ಮೋಡದ ವಿಷಯ ಹೇಳುವ ಹಾಗೆ. ಕೋಳಿಗಳು ಮಾಳಿಗೆಯ ಮೇಲೆ, ಬೆಕ್ಕುಗಳು ಗೋಡೆಯ ಮೇಲೆ ಬಾಳುತ್ತಿದ್ದವು. ಮಂಚಗಳಿಗೆ ಎದೆಯುದ್ದದ ಕಾಲು. ಕೈತಪ್ಪಿ ಬಿದ್ದ ಸೂಜಿಯನ್ನು ಮುಳುಗುಹಾಕುವವರಂತೆ ಉಸಿರು ಬಿಗಿಹಿಡಿದು ಹೆಕ್ಕಬೇಕು. ನಾಯಿಗಳು ಆ ಊರಿನಲ್ಲಿ ಉಳಿದಿರಲಿಲ್ಲ. ಬೊಗಳುವ ಹೊಣೆಯನ್ನು ಊರಿನ ಕಮಿಟಿ ವಹಿಸಿಕೊಂಡಿತ್ತು.

ಮಕ್ಕಳ ವಿಷಯಕ್ಕೆ ಒಂದು ಕಟ್ಟು ಇತ್ತು. ಮೂಗು ದೀಪದ ಮಟ್ಟಕ್ಕಿಂತ ಮೇಲೆ ಬರುವವರೆಗೆ ಮಗುವನ್ನು ನೆಲಕ್ಕೆ ಬಿಡುವಂತಿಲ್ಲ. ಅಲ್ಲಿಯವರೆಗೆ ತೊಟ್ಟಿಲು, ಅಟ್ಟ, ಹೆಗಲು. ಮಟ್ಟ ದಾಟಿದ ದಿನ ತಾಯಿ ಎಡಗೈಯಲ್ಲಿ ದೀಪ ಹಿಡಿದು ಬಲಗೈಯಿಂದ ಮಗುವನ್ನು ಇಳಿಸುವಳು. ಇದಕ್ಕೆ ನೆಲ ಕೊಡುವುದು ಎಂದು ಹೆಸರು. ಮೇಲಗೇರಿಯಲ್ಲಿ ಮಕ್ಕಳು ಒಂದೂವರೆ ವರ್ಷಕ್ಕೇ ನೆಲ ಪಡೆದು ಓಡಾಡುತ್ತಿದ್ದವು. ಕೆಳಗೇರಿಯಲ್ಲಿ ಐದಾದರೂ ಹೆಗಲು ತಪ್ಪುತ್ತಿರಲಿಲ್ಲ. ಏಕೆಂದರೆ ಕಮಿಟಿಯ ಹನ್ನೆರಡು ಮಂದಿ ಕೂಡುವ ಕಟ್ಟೆ ಮೇಲಗೇರಿಯ ತುದಿಯಲ್ಲಿತ್ತು, ಅವರು ಬೆಳಗಿನಿಂದ ಸಂಜೆಯವರೆಗೆ ಆಡಿದ ಮಾತೆಲ್ಲ ಇಳಿಜಾರು ಹಿಡಿದು ಕೆಳಗೇರಿಗೆ ಬಂದು ಸೊಂಟದ ಮಟ್ಟಕ್ಕೆ ನಿಲ್ಲುತ್ತಿತ್ತು.

ಕಮಿಟಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಅವರು ಉಸಿರು ಇಳಿಸುವ ಸಭೆ ನಡೆಸುತ್ತಿದ್ದರು. ಸಭೆ ಒಂಬತ್ತು ದಿನ ನಡೆಯುತ್ತಿತ್ತು, ಸಭೆ ಮುಗಿಯುವಾಗ ಉಸಿರು ಒಂದು ಗೇಣು ಏರಿರುತ್ತಿತ್ತು. ಪ್ರತಿ ಮನೆಯವರೂ ತುಸು ಕಡಿಮೆ ಉಸಿರಾಡತಕ್ಕದ್ದು ಎಂದು ಠರಾವಾಗುತ್ತಿತ್ತು. ದೊಡ್ಡ ವಿಚಾರಗಳನ್ನು ಮಾತಾಡಬೇಕಾದ ಕಾರಣ ಮೇಲಗೇರಿಗೆ ವಿನಾಯಿತಿ ಇರುತ್ತಿತ್ತು. ಈ ಠರಾವನ್ನು ಅಧ್ಯಕ್ಷ ರಾಚೋಟಪ್ಪಗೌಡರು ನಿಂತು, ಮೂರು ಸಲ, ಏರುದನಿಯಲ್ಲಿ ಓದುತ್ತಿದ್ದರು.

ಕೆಳಗೇರಿಯಲ್ಲಿ ದಾವಲಬಿ ಎಂಬ ಹೆಂಗಸು ಇದ್ದಳು. ಊರವರ ತಾಮ್ರದ ಪಾತ್ರೆಗಳನ್ನು ತಿಕ್ಕಿ, ಕಾಯಿಸಿ, ಒಳಗೆ ತವರದ ಕಲಾಯಿ ಹಾಕಿಕೊಡುವುದು ಅವಳ ಕಸುಬು. ಗಂಡ ಪಾತ್ರೆ ಕೂಡಿಸಲು ಸೀಮೆ ಸುತ್ತುತ್ತ ತಿಂಗಳಿಗೊಮ್ಮೆ ಮುಖ ತೋರಿಸುತ್ತಿದ್ದ. ಮಗಳು ಜೈತುನಗೆ ಐದು ತುಂಬಿತ್ತು, ಮೈಕಟ್ಟು ಮಾತ್ರ ಗಿಡ್ಡ. ಮಟ್ಟದೀಪ ನಂದುವಲ್ಲಿಗೆ ಅವಳ ನೆತ್ತಿ ಬರುತ್ತಿತ್ತು, ಮೂಗು ಬರುತ್ತಿರಲಿಲ್ಲ. ಹುಡುಗಿ ಅಟ್ಟದ ಕಿಟಕಿಯಿಂದ ನೆಲವನ್ನು ನೋಡುತ್ತ ಕೂರುವಳು, ಬೇರೆ ಮಕ್ಕಳು ಆಕಾಶ ನೋಡುವ ಹಾಗೆ. "ಯವ್ವಾ, ಮಣ್ಣ ಮೆತ್ತಗಿರತೈತೋ ಗಟ್ಟಿ ಇರತೈತೋ?" ಎಂದು ಒಂದು ದಿನ ಕೇಳಿದಳು. ದಾವಲಬಿಗೆ ಆ ಪ್ರಶ್ನೆ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು.

ಪಕ್ಕದ ಮನೆಯ ಫಕೀರವ್ವ ಬಾಳೆಕಾಯಿ ತಂದು ಮಾಳಿಗೆಯ ಮೇಲೆ ಹಣ್ಣಿಗೆ ಹಾಕಿ ಮಾರುವವಳು, ನಾಲಗೆ ಚುರುಕು. "ದಾವಲಬೀ, ಮಗಳನ್ನ ಬೀಗರ ಮನಿಗೂ ಹೆಗಲ ಮ್ಯಾಲ ಹೊತಗೊಂಡ ಹೋಗಾಕಿ ಏನ?" ಎಂದು ಕೇಳುವಳು.

"ಅಲ್ಲೀತನಾ ನನ್ನ ಹೆಗಲ ಉಳದರ ಒಯ್ತೀನಿ, ಯಕ್ಕಾ. ಇಲ್ಲಂದರ ನಿಂದ ಕೊಡು, ನಿಂದೇನ ಸವದಿಲ್ಲ."

"ನನ್ನ ಹೆಗಲಿಗೆ ಬಾಳಿಗೊನಿ ಐತಿ. ಅದೂ ಮಾತಾಡೂದಿಲ್ಲ, ಉಸರೂ ಬಿಡೂದಿಲ್ಲ, ಮಗಳಕಿಂತ ವಾಸಿ!"

ಕೆಳಗೇರಿಯ ಕಟ್ಟಕಡೆಯ ತಗ್ಗಿನಲ್ಲಿ ಹಿಂದಿನವರು ಕಟ್ಟಿದ ಒಂದು ಕಲ್ಲಿನ ತೊಟ್ಟಿ ಇತ್ತು. ಅದರಲ್ಲಿ ಸವಳು ನೀರು. ಕಾಲುವೆಯ ಚಕ್ರದಿಂದ ಬರುವ ಕರೆಂಟನ್ನು ನೀರಿನಲ್ಲಿ ಇಳಿಬಿಟ್ಟ ಲೋಹದ ತಗಡುಗಳಿಗೆ ಕೊಟ್ಟರೆ, ಬೀದಿಯಿಂದ ಹರಿದು ತೊಟ್ಟಿಗೆ ಬಿದ್ದ ಉಸಿರು ಮುರಿದು ಬೇರೇನೋ ಆಗುತ್ತದೆ. ಏನಾಗುತ್ತದೆ ಎನ್ನುವುದು ತಗಡಿನ ಮೇಲೆ ಹೋಗುತ್ತದೆ ಎಂದು ಹಳಬರು ಹೇಳಿದ್ದರು. ಯಾವ ತಗಡು ಎಂದು ಹೇಳುವ ಮೊದಲೇ ಅವರು ತೀರಿಹೋಗಿದ್ದರು. ಕಮಿಟಿ ತಗಡುಗಳನ್ನು ಮರ್ಯಾದೆಯ ಪ್ರಕಾರ ಆರಿಸಿತು. ಮೊದಲು ಬೆಳ್ಳಿ. ತೊಟ್ಟಿಯಿಂದ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ಗಾಳಿ ಎದ್ದಿತು. ವರದಿ ಬರೆಯಲು ತೊಟ್ಟಿಯ ಬಾಯಿಗೇ ಎತ್ತರದ ಪೀಠ ಹಾಕಿ ಕುಳಿತಿದ್ದ ಇಬ್ಬರು ಸದಸ್ಯರು ಮುಗುಳ್ನಗುತ್ತ ನಿದ್ದೆ ಹೋದರು, ಕಾಲು ಹಿಡಿದು ಎಳೆದು ತರಬೇಕಾಯಿತು. ಫಲಿತಾಂಶ ತೃಪ್ತಿಕರ ಎಂದು ದಾಖಲಾಯಿತು. ಆಮೇಲೆ ಕಬ್ಬಿಣ, ಬರೀ ಗುಳ್ಳೆ ಬಂತು. ಆಮೇಲೆ ತವರದ ಸರದಿ ಬಂದಾಗ ಕಲಾಯಿಯವಳನ್ನು ಕರೆಸಿದರು. ದಾವಲಬಿ ತಗಡಿಗೆ ತವರ ಹಚ್ಚಿ ಇಳಿಬಿಟ್ಟಳು. ಎರಡು ದಿನಕ್ಕೆ ತೊಟ್ಟಿಯ ನೀರು ಕೆಂಪಿರುವೆ ಕಡಿದ ಹಾಗೆ ಚುರುಗುಟ್ಟುವ ಹುಳಿಯಾಯಿತು. ಕಮಿಟಿ ಮೂಗು ಮುರಿಯಿತು. ದಾವಲಬಿ ಮಾತ್ರ ಬೆರಳ ತುದಿಯನ್ನು ನೆಕ್ಕಿ ಬಹಳ ಹೊತ್ತು ಯೋಚಿಸಿದಳು. ಲೋಹ ಬದಲಾದರೆ ಉಸಿರಿನ ಗತಿ ಬದಲಾಗುತ್ತದೆ ಎಂದಾಯಿತಲ್ಲ.

ಅವಳು ಕಟ್ಟೆಯ ಬುಡಕ್ಕೆ ಹೋಗಿ ನಿಂತಳು. "ಗೌಡ್ರ, ನನಗೊಂದ ಹಳೇ ಹಂಡೆ ಕೊಡಸ್ರಿ. ತಾಮ್ರ ಹಾಕಿ ನೋಡ್ತೀನಿ."

"ಬಚ್ಚಲ ಹಂಡೇದ ತಾಮ್ರ?" ರಾಚೋಟಪ್ಪಗೌಡರು ಸುತ್ತಲಿನವರತ್ತ ನೋಡಿದರು. "ಊರ ಹಿರೇರ ಉಸರ ಹೋಗಿ ಬಚ್ಚಲ ತಾಮ್ರಕ್ಕ ಮುಟ್ಟೂದ ಏನ?"

"ಉಸರೇನ ದೇವರ ಗುಡ್ಯಾಗಿಂದ ಬಂದೈತ್ರೀ? ಅದೂ ಬಾಯಿಂದ ಬಿದ್ದದ್ದ."

ಕಮಿಟಿ ಈ ವಿಷಯವನ್ನು ನಾಲ್ಕು ದಿನ ಚರ್ಚಿಸಿತು, ಕೆಳಗೇರಿಯಲ್ಲಿ ಉಸಿರು ನಾಲ್ಕು ಬೆರಳು ಏರಿತು, ಹಂಡೆ ಸಿಕ್ಕಿತು.

ಹದಿನೆಂಟು ವರ್ಷ ತಾಮ್ರದ ಕಪ್ಪು ತೆಗೆದು ಅನ್ನ ಉಂಡವಳು ದಾವಲಬಿ. ಹಂಡೆ ಕತ್ತರಿಸಿ, ತಗಡು ಮಾಡಿ, ರೂಢಿಯಂತೆ ಫಳಫಳ ತಿಕ್ಕಿಯೇ ಇಳಿಬಿಟ್ಟಳು. ಗುಳ್ಳೆ ಬಂತು. ಎರಡನೆಯದಕ್ಕೆ ಇನ್ನೂ ತಿಕ್ಕಿದಳು, ಇನ್ನೂ ಗುಳ್ಳೆ. ಮೊಳೆಯಿಂದ ಗೀರಿದಳು, ಉಪ್ಪಿನಲ್ಲಿ ನೆನೆಸಿದಳು, ಒಂದರ ಮೇಲೆ ಸುತ್ತಿಗೆಯಿಂದ ಸಾವಿರ ಚುಕ್ಕೆ ಹೊಡೆದಳು. ಪ್ರತಿ ತಗಡಿಗೂ ಗೋಡೆಯ ಮೇಲೆ ಇದ್ದಿಲಿನ ಒಂದು ಗೆರೆ, ಅದರ ಪಕ್ಕ ದೀಪ ಎಷ್ಟು ಬೆರಳು ಇಳಿಯಿತೆಂಬ ಗುರುತು. ಹತ್ತು ಗೆರೆಗಳ ಪಕ್ಕ ಗುರುತೇ ಇರಲಿಲ್ಲ. ಹನ್ನೊಂದನೆಯ ತಗಡು ಎದೆಯೆತ್ತರದ ಕುಲುಮೆಯಲ್ಲಿದ್ದಾಗ ಜೈತುನ ನೆಲ ನೋಡಲು ಕಿಟಕಿಯಿಂದ ಮೈಯೆಲ್ಲ ಹೊರಗೆ ಚಾಚಿದಳು. ದಾವಲಬಿ ಇಕ್ಕಳ ಬಿಸುಟು ಓಡಿ ಅವಳ ಕಾಲು ಹಿಡಿದಳು, ಬೈದಳು, ಅತ್ತಳು. ತಿರುಗಿ ಬಂದು ನೋಡಿದರೆ ತಗಡು ಸುಟ್ಟು ಕರಕಲಾಗಿ ಹಕ್ಕಳೆ ಎದ್ದಿತ್ತು. ಎಸೆಯಲು ಮನಸ್ಸಾಗದೆ ಅದನ್ನೇ ತೊಟ್ಟಿಗೆ ಇಳಿಬಿಟ್ಟಳು.

ಮರುದಿನ ಮಧ್ಯಾಹ್ನ ಫಕೀರವ್ವ ಮಾಳಿಗೆಯ ಮೇಲಿಂದ ಕೂಗಿಕೊಂಡಳು. "ಏ ದಾವಲಬೀ! ಏನ ಮಾಟ ಮಾಡೀಯ? ವಾರಕ್ಕ ಹಣ್ಣಾಗೂ ಬಾಳಿಕಾಯಿ ಒಂದ ದಿನದಾಗ ಹಣ್ಣಾಗಿ ಕುಂತಾವ! ಎಂಟ ಗೊನಿ! ಯಾರ ತಿಂತಾರ, ನಿಮ್ಮಪ್ಪ?"

ದಾವಲಬಿ ಏಣಿ ಹತ್ತಿ ಹೋಗಿ ಹಳದಿ ಹಣ್ಣನ್ನು ಮುಟ್ಟಿ ನೋಡಿದಳು. ತೊಟ್ಟಿಯಿಂದ ಎದ್ದ ಯಾವುದೋ ಗಾಳಿ ಕಾಯನ್ನು ಮಾಗಿಸಿದೆ; ಮಾಗಿಸುವ ಗಾಳಿ ನಿನ್ನೆಯವರೆಗೆ ಇರಲಿಲ್ಲ. "ಯಕ್ಕಾ," ಎಂದಳು, "ಈ ಹಣ್ಣ ಗೌಡ್ರ ಮಾತಿಂದ ಆಗ್ಯಾವ."

"ಹಂಗಾರ ಹುಳ ಇರತಾವ" ಎಂದಳು ಫಕೀರವ್ವ.

ಅಂದಿನಿಂದ ತಾಮ್ರಕ್ಕೆ ಕಪ್ಪು ಹಿಡಿಸುವುದೇ ದಾವಲಬಿಯ ಕೆಲಸವಾಯಿತು. ಕೆಂಪಗೆ ಕಾಯಿಸುವಳು, ಕರಕಲು ಮಾಡುವಳು, ತೊಟ್ಟಿಗೆ ಇಳಿಬಿಟ್ಟು ಕರೆಂಟಿನಲ್ಲಿ ಆ ಕಪ್ಪನ್ನೇ ಮತ್ತೆ ತಾಮ್ರವಾಗಲು ಬಿಡುವಳು. ಹಾಗೆ ಸತ್ತು ಹುಟ್ಟಿದ ತಾಮ್ರ ಹಳೆಯ ತಾಮ್ರವಾಗಿರುತ್ತಿರಲಿಲ್ಲ. ಮಂಕಾಗಿ, ಕಂದಾಗಿ, ಮುಟ್ಟಿದರೆ ಬೆಕ್ಕಿನ ನಾಲಗೆಯಂತೆ ತರಿತರಿಯಾಗಿ, ಗುಂಡಿಯೊಳಗೆ ಗುಂಡಿ ಬಿದ್ದು ಇರುತ್ತಿತ್ತು. ಆ ಗುಂಡಿಗಳಲ್ಲೇ ಉಸಿರು ಸಿಕ್ಕಿಕೊಂಡು ಬೇರೆಯಾಗಿ ಹೊರಡುತ್ತದೆ ಎಂದು ಅವಳಿಗೆ ಬೆರಳ ತುದಿಯಿಂದ ತಿಳಿದಿತ್ತು. ಹತ್ತೊಂಬತ್ತನೆಯ ತಗಡಿಗೆ ತೊಟ್ಟಿಯ ಕೆಳಗಿನ ತೂಬಿನಿಂದ ಒಂದು ನೀರು ಇಳಿಯಿತು. ಬತ್ತಿಗೆ ಹಚ್ಚಿದರೆ ನೀಲಿಯಾಗಿ, ಹೊಗೆಯಿಲ್ಲದೆ ಉರಿಯಿತು. ಒಲೆಯ ನೀರು ಎಂದು ಕೆಳಗೇರಿಯವರು ಹೆಸರಿಟ್ಟರು. ಅದನ್ನು ಕುಡಿದರೂ ಏನೋ ಆಗುತ್ತದೆ ಎಂದು ಕಮಿಟಿಯ ಇಬ್ಬರು ಪತ್ತೆಹಚ್ಚಿದರು; ಇಡೀ ಪ್ರಕರಣದಲ್ಲಿ ಕಮಿಟಿಯ ಸ್ವಂತ ಸಂಶೋಧನೆ ಅದೊಂದೇ. ದಾವಲಬಿ ಅಂಥವೇ ನಲವತ್ತು ತಗಡು ಮಾಡಿ ಸಾಲಾಗಿ ತೂಗಿಬಿಟ್ಟಳು. ದೀಪ ಇಳಿಯತೊಡಗಿತು. ಸೊಂಟದಿಂದ ತೊಡೆ, ತೊಡೆಯಿಂದ ಮೊಳಕಾಲು. ಇಪ್ಪತ್ತನೆಯ ದಿನ ಪಾದದ ಮೇಲಿನ ಹರಡಿನ ಹತ್ತಿರ ಬಂದು ನಂದಿತು. ಗೋಡೆಯ ಮುಂದೆ ಕುಳಿತು ಎಣಿಸಿದವಳು ಜೈತುನಗೆ ಹೇಳಿದಳು: "ಶುಕ್ರವಾರ ನಿನಗ ನೆಲ."

ಸುದ್ದಿ ಮೇಲಗೇರಿ ತಲುಪಿತು. ಇಷ್ಟು ವರ್ಷ ಉಸಿರು ಬಿಟ್ಟು ಈ ಕಾರ್ಯಕ್ಕೆ ಕಚ್ಚಾ ಮಾಲು ಒದಗಿಸಿದವರು ತಾವೇ ಎಂದು ಕಮಿಟಿಗೆ ತಟ್ಟನೆ ನೆನಪಾಯಿತು. ಯಾರ ಉಸಿರಿನಿಂದ ಹೆಚ್ಚು ಒಲೆಯ ನೀರು ಬಂತೆಂದು ಸದಸ್ಯರಲ್ಲಿ ಜಗಳವಾಯಿತು. ರಾಚೋಟಪ್ಪಗೌಡರು ಒಂದು ಬಾಟಲಿಗೆ ತಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಪಡಸಾಲೆಯಲ್ಲಿ ಇಟ್ಟರು. ಸುತ್ತಲ ಸೀಮೆಯ ಹಿರಿಯರನ್ನು ಅದೇ ಶುಕ್ರವಾರಕ್ಕೆ ಆಹ್ವಾನಿಸಿದರು. ತೊಟ್ಟಿಯ ಬಳಿ ಸಭೆ, ಹಾರ, ಭಾಷಣ, ಕೊನೆಗೆ ಎಲ್ಲರ ಎದುರು ಹುಡುಗಿಗೆ ನೆಲ. ಬುಧವಾರ ಅವರು ತಯಾರಿ ನೋಡಲು ತೊಟ್ಟಿಗೆ ಬಂದರು. ನಲವತ್ತು ಮಂಕು ತಗಡುಗಳನ್ನು ನೋಡಿ ಮುಖ ಕಿವುಚಿದರು. ಪರಸ್ಥಳದವರು ಬರುವ ದಿನ ತಾಮ್ರ ಹೀಗಿರುವುದೆ? ಆ ಊರಿನಲ್ಲಿ ಮದುವೆಗೆ, ಹಬ್ಬಕ್ಕೆ, ಸತ್ತವರ ದಿನಕ್ಕೆ, ಎಲ್ಲಕ್ಕೂ ಮೊದಲು ತಾಮ್ರ ಬೆಳಗುತ್ತಿದ್ದರು. ಬೆಳಗದ ತಾಮ್ರವನ್ನು ಅತಿಥಿಯ ಮುಂದಿಟ್ಟರೆ ಬೆನ್ನು ತೋರಿಸಿ ಕುಳಿತಷ್ಟು ಅವಮಾನ. "ಮುಖ ಕಾಣಬೇಕ ನೋಡ್ರಿ, ಮುಖ" ಎಂದು ಹೇಳಿ ಗೌಡರು ಹೋದರು. ಯಾರ ಮುಖ ಎಂದು ಯಾರೂ ಕೇಳಲಿಲ್ಲ.

ಗುರುವಾರ ದಾವಲಬಿ ಮಗಳ ಹಸಿರು ಲಂಗ ಹೊಲಿಯುತ್ತ ಮನೆಯಲ್ಲೇ ಇದ್ದಳು. ಶುಕ್ರವಾರ ಬೆಳಗ್ಗೆ ಜೈತುನಳನ್ನು ಹೆಗಲಿಗೇರಿಸಿ, ಕೈಯಲ್ಲಿ ದೀಪ ಹಿಡಿದು ತೊಟ್ಟಿಗೆ ಬಂದಾಗ ಇಡೀ ಊರು ಅಲ್ಲಿ ನೆರೆದಿತ್ತು. ಹೊತ್ತು ಹುಟ್ಟಿದಾಗಿನಿಂದ ಏಳು ಭಾಷಣ ಆಗಿದ್ದವು. ತೊಟ್ಟಿಯ ಮೇಲೆ ನಲವತ್ತು ಸೂರ್ಯರು ತೂಗುತ್ತಿದ್ದರು.

ಫಕೀರವ್ವ ಓಡಿ ಬಂದಳು. ಅವಳ ಹತ್ತೂ ಬೆರಳು ಹುಣಸೆಯ ಹುಳಿಗೆ ಸುಲಿದು ಬೆಳ್ಳಗಾಗಿದ್ದವು. "ನೋಡಿದೇನ? ನಿನ್ನೆ ಮುಂಜೇಲಿಂದ ಮೂವತ್ತ ಮಂದಿ ಹೆಂಗಸರು ಕೂಡಿ ತಿಕ್ಕೀವಿ. ಹುಣಸಿಹಣ್ಣ, ಬೂದಿ, ಮ್ಯಾಲ ಲಿಂಬಿಹುಳಿ. ಹದಿನಾಲ್ಕ ತಗಡ ನಾ ಒಬ್ಬಾಕೀನ ತಿಕ್ಕೀನಿ, ನಿನ್ನ ಮಗಳ ಸಲುವಾಗಿ! ಮುಖ ನೋಡಕೋ, ಹಲ್ಲಿನ ಸಂದೂ ಕಾಣತೈತಿ!"

ದಾವಲಬಿ ತಗಡಿನ ಮೇಲೆ ಬೆರಳೆಳೆದಳು. ಬೆರಳು ಜಾರಿತು. ಬೆಕ್ಕಿನ ನಾಲಗೆ ಹೋಗಿತ್ತು, ಒಂದು ಗುಂಡಿಯೂ ಉಳಿದಿರಲಿಲ್ಲ. ಹೊಳಪಿನಲ್ಲಿ ತನ್ನ ಮುಖವೂ ಅದರ ಕೆಳಗೆ ಮಗಳ ಎರಡು ಪಾದಗಳೂ ಕಂಡವು. ಕೆಳಗೆ ನೀರಿನಲ್ಲಿ ಗುಳ್ಳೆಗಳು ಸುಮ್ಮನೆ ಏಳುತ್ತಿದ್ದವು.

"ಯಕ್ಕಾ, ಕೆಟ್ಟಿವಿ" ಎಂದಳು. ಅಷ್ಟೇ. ಫಕೀರವ್ವನ ಕೈ ಹಿಡಿದುಕೊಂಡಳು, ಬೈಯಲಿಲ್ಲ. ಬೈದಿದ್ದರೆ ಫಕೀರವ್ವನಿಗೆ ಹಗುರಾಗುತ್ತಿತ್ತು ಎಂದು ಹೇಳಿ ಗುರುಪಾದವ್ವ ಇಲ್ಲಿ ಒಂದು ಕ್ಷಣ ಬೀಜ ಬಿಡಿಸುವುದನ್ನು ನಿಲ್ಲಿಸಿದರು.

ರಾಚೋಟಪ್ಪಗೌಡರು ಎಂಟನೆಯ ಭಾಷಣ ನಿಲ್ಲಿಸಿ ಕರೆದರು. "ಬಾ ಬಾ, ದಾವಲಬಿ. ಹುಡಿಗೀನ್ನ ಇಳಸು. ಹತ್ತೂರ ಹಿರೇರು ಕಾಯಾಕತ್ತಾರ."

"ಇಳಸೂದಿಲ್ರೀ."

"ಯಾಕ?"

ಅವಳು ದೀಪ ಹಚ್ಚಿ ಹಗ್ಗ ಬಿಟ್ಟಳು. ದೀಪ ಎದೆ ದಾಟಿತು, ಸೊಂಟಕ್ಕೆ ಬಂದು ನಂದಿತು. ನೆರೆದ ಮಂದಿ ಒಂದು ಹೆಜ್ಜೆ ಹಿಂದೆ ಸರಿದರು.

"ಬತ್ತಿ ಸರಿ ಇಲ್ಲ" ಎಂದರು ಗೌಡರು.

ಅವಳು ಮತ್ತೆ ಹಚ್ಚಿದಳು. ಅಲ್ಲೇ ನಂದಿತು.

"ಗಾಳಿ ಐತಿ."

"ಎಲೀ ಅಲಗವಲ್ದು ಗೌಡ್ರ, ಗಾಳಿ ಎಲ್ಲೈತಿ? ನಿಮ್ಮ ಭಾಷಣ ನಿಂತೈತಿ ಇಲ್ಲಿ. ಏಳೂವರಿ ಭಾಷಣ."

ಅತಿಥಿಗಳಲ್ಲಿ ಯಾರೋ ನಕ್ಕರು. ಗೌಡರು ಅವಳತ್ತ ಒಂದು ಹೆಜ್ಜೆ ಇಟ್ಟರು. "ಹತ್ತೂರ ಮಂದೀನ ಕರಸೀನಿ. ಒಂದ ಕ್ಷಣ ಇಳಿಸಿ ಎತ್ತಕೋ. ಒಂದ ಕ್ಷಣಕ್ಕ ಏನಾಗತೈತಿ? ಉಸರ ಅದು, ಹಾವಲ್ಲ!"

ದಾವಲಬಿಯ ಕೈ ಮಗಳ ಕಾಲುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಅವಳ ದನಿ ಮಾತ್ರ ಏರಲಿಲ್ಲ. "ಖರೆ ಐತ್ರೀ. ಅದಕ್ಕ ಮೊದಲ ನೀವ ಕುಂದರ್ರಿ. ನೆಲದ ಮ್ಯಾಲ. ಊರಿಗೆ ಹಿರೇರು ನೀವು, ನೆಲ ಮೊದಲ ನಿಮಗ ಸಲ್ಲಬೇಕು. ನೀವ ಕುಂತ ನಾಕ ಮಾತ ಆಡ್ರಿ, ಆಮ್ಯಾಲ ನನ್ನ ಮಗಳನ್ನ ಇಳಸ್ತೀನಿ."

ಹತ್ತೂರಿನ ಮಂದಿ ಗೌಡರನ್ನು ನೋಡಿದರು. ಕೂರದೆ ಇರುವ ದಾರಿ ಇರಲಿಲ್ಲ. ರಾಚೋಟಪ್ಪಗೌಡರು ಪಂಚೆ ಕೊಡವಿ, ಚಕ್ಕಳಮಕ್ಕಳ ಹಾಕಿ, ನಲವತ್ತು ತಗಡುಗಳಲ್ಲಿ ನಲವತ್ತು ಗೌಡರಾಗಿ ಕುಳಿತರು. "ಮಾನ್ಯರೇ" ಎಂದರು. "ನಮ್ಮ ಊರಿನ ಉಸರು" ಎಂದರು. ಮೂರನೆಯ ಮಾತಿಗೆ ಬಾಯಿ ತೆರೆಯಿತು, ಮಾತು ಬರಲಿಲ್ಲ. ಮುಖ ನೇರಳೆಯಾಯಿತು. ಮೂವತ್ತು ವರ್ಷ ಆಡಿದ ಮಾತೆಲ್ಲ ಒಮ್ಮೆಲೇ ತಿರುಗಿ ಬಾಯಿಗೆ ಹೊಕ್ಕಂತೆ ಕೈಕಾಲು ಬಡಿಯುತ್ತ ಪಕ್ಕಕ್ಕೆ ವಾಲಿದರು. ಎಲ್ಲರಿಗಿಂತ ಮೊದಲು ಬಗ್ಗಿದವಳು ದಾವಲಬಿಯೇ; ಮಗಳನ್ನು ಫಕೀರವ್ವನ ಹೆಗಲಿಗೆ ದಾಟಿಸಿ, ಉಸಿರು ಬಿಗಿಹಿಡಿದು ಗೌಡರ ತೋಳಿಗೆ ಕೈ ಕೊಟ್ಟಳು. ಇನ್ನಿಬ್ಬರು ಸೇರಿ ಎತ್ತಿದರು. ಅಷ್ಟು ದೊಡ್ಡ ಅಧ್ಯಕ್ಷರನ್ನು ಮಗುವಿನ ಹಾಗೆ ಹೆಗಲ ಮೇಲೆ ಹೊತ್ತು ಮೇಲಗೇರಿಗೆ ಸಾಗಿಸಬೇಕಾಯಿತು. ದಾರಿಯುದ್ದಕ್ಕೂ ಅಟ್ಟದ ಕಿಟಕಿಗಳಿಂದ ಕೆಳಗೇರಿಯ ಮಕ್ಕಳು ನೋಡಿದವು. "ಅವ್ವಾ, ಅಜ್ಜಗ ಇನ್ನೂ ನೆಲ ಕೊಟ್ಟಿಲ್ಲೇನ?" ಎಂದು ಒಂದು ಮಗು ಕೇಳಿತಂತೆ.

ಸಭೆ ಹೇಳದೆ ಕೇಳದೆ ಮುಗಿಯಿತು. ಸಂಜೆಯ ಹೊತ್ತಿಗೆ ದಾವಲಬಿ ಕಟ್ಟೆಗೆ ಹೋಗಿ, ಈ ಸಲ ಬುಡದಲ್ಲಿ ನಿಲ್ಲದೆ ಮೆಟ್ಟಿಲು ಹತ್ತಿ, ಎರಡು ಮಾತು ಹೇಳಿದಳು. ತಗಡುಗಳನ್ನು ಮತ್ತೆ ಸುಟ್ಟು ಕಪ್ಪು ಮಾಡಿ ಹದಕ್ಕೆ ತರಲು ಇಪ್ಪತ್ತೇಳು ದಿನ ಬೇಕು. ಅಲ್ಲಿಯವರೆಗೆ ಈ ಕಟ್ಟೆಯ ಮೇಲೆ ಯಾರೂ ಬಾಯಿ ಬಿಡಬಾರದು. ಹಾಸಿಗೆಯಲ್ಲಿ ಒರಗಿದ್ದ ಗೌಡರಿಗೆ ಈ ಸುದ್ದಿ ಮುಟ್ಟಿದಾಗ ಅವರು ಕೈಯೆತ್ತಿ ಒಪ್ಪಿಗೆ ಸೂಚಿಸಿದರು, ಅವರಿಗಿನ್ನೂ ದನಿ ಬಂದಿರಲಿಲ್ಲ. ಇಪ್ಪತ್ತೇಳು ದಿನ ಕಮಿಟಿ ಕೈಸನ್ನೆಯಲ್ಲೇ ಸಭೆ ನಡೆಸಿತು. ಹದಿನೈದು ವರ್ಷ ನೆನೆಗುದಿಗೆ ಬಿದ್ದಿದ್ದ ಕಾಲುವೆಯ ತೂಬಿನ ತೀರ್ಮಾನ ಒಂದೇ ಮಧ್ಯಾಹ್ನದಲ್ಲಿ ಆಗಿಹೋಯಿತು. ಅಷ್ಟೂ ದಿನ ಜೈತುನಳನ್ನು ಫಕೀರವ್ವ ತನ್ನ ಹೆಗಲಿನಿಂದ ಇಳಿಸಲಿಲ್ಲ. ಬಾಳೆಗೊನೆಗೆ ಇನ್ನೊಂದು ಹೆಗಲಾಯಿತು. ಒಂದು ಮಾತೂ ಆಡಲಿಲ್ಲ, ಅವಳಿಗೆ ಅದು ಎಂಥ ಶಿಕ್ಷೆ ಎಂದು ಬಲ್ಲವರು ಬಲ್ಲರು.

ಇಪ್ಪತ್ತೆಂಟನೆಯ ಬೆಳಗ್ಗೆ ದಾವಲಬಿ ತೊಟ್ಟಿಯ ಬಳಿ ದೀಪ ಇಳಿಬಿಟ್ಟಳು. ಮೊಳಕಾಲು ದಾಟಿತು. ಹರಡು ದಾಟಿತು. ಹಣತೆಯ ತಳ ನೆಲಕ್ಕೆ ತಾಗಿ ಸಣ್ಣಗೆ ಸದ್ದಾಯಿತು, ಕುಡಿ ಅಲುಗದೆ ಉರಿಯಿತು. ಆ ಬೀದಿಯಲ್ಲಿ ನೆಲದ ಮೇಲೆ ಉರಿಯುವ ದೀಪವನ್ನು ಯಾರೂ ಕಂಡಿರಲಿಲ್ಲ. ಅವಳು ಮಗಳನ್ನು ಫಕೀರವ್ವನ ಹೆಗಲಿನಿಂದ ತೆಗೆದು ದೀಪದ ಪಕ್ಕ ಇಳಿಸಿದಳು. ಜೈತುನ ನಡೆಯಲಿಲ್ಲ, ಓಡಲೂ ಇಲ್ಲ. ಹಸಿರು ಲಂಗ ಹೊಸದೆಂಬುದನ್ನು ಮರೆತು ಬೋರಲಾಗಿ ಮಲಗಿ, ಮೂಗನ್ನು ಮಣ್ಣಿಗೆ ಒತ್ತಿ, ಎದೆ ತುಂಬ ಉಸಿರೆಳೆದುಕೊಂಡಳು. "ಯವ್ವಾ," ಎಂದಳು, "ಗಟ್ಟಿ ಐತಿ." ಅಲ್ಲಿಗೆ ಬಂದಿದ್ದ ರಾಚೋಟಪ್ಪಗೌಡರು ಇಂಥ ಸಂದರ್ಭದಲ್ಲಿ ಎರಡು ಮಾತು ಆಡುವುದು ಧರ್ಮವೆಂದು ತಿಳಿದು ಗಂಟಲು ಸರಿಮಾಡಿಕೊಂಡರು. ಮೂವತ್ತು ಮಂದಿ ಹೆಂಗಸರು ಒಟ್ಟಿಗೆ ತುಟಿಯ ಮೇಲೆ ಬೆರಳಿಟ್ಟು ಅವರನ್ನು ನೋಡಿದರು. ಗೌಡರು ಕೆಮ್ಮಿದಂತೆ ಮಾಡಿ ಸುಮ್ಮನಾದರು.

ಅಂದಿನಿಂದ ಆ ಊರಿನಲ್ಲಿ ಮದುಮಗಳ ಕೊಡವೂ ಕಪ್ಪಗೇ ಇರುತ್ತದೆ ಎಂದು ಹೇಳಿ ಗುರುಪಾದವ್ವ ಮಡಿಲಿನ ಬೀಜಗಳನ್ನು ಕೊಡವಿದರು. ಬಿಸಿಲು ಗೋಡೆಯಿಂದ ಇಳಿದಿತ್ತು. ಹೆಂಗಸರು ಸೆರಗು ಝಾಡಿಸಿ ಎದ್ದರು. ಒಬ್ಬಳು ಮನೆಯ ಕೊಡ ಬೆಳಗಲೆಂದು ಬದಿಗಿಟ್ಟುಕೊಂಡಿದ್ದ ಹುಣಸೆಯ ನಾರನ್ನು ಒಮ್ಮೆ ನೋಡಿದಳು, ಆದರೂ ಸೆರಗಿನಲ್ಲಿ ಕಟ್ಟಿಕೊಂಡಳು. ಗಂಡಸರಿಬ್ಬರೂ ಚೀಲ ಹೊಲಿದು ಗೋಡೆಗೆ ಒರಗಿಸಿದರು. ಅಂಗಳದ ಬಾಗಿಲು ದಾಟುವವರೆಗೆ ಹದಿಮೂರು ಮಂದಿಯ ಹೆಜ್ಜೆಯ ಸದ್ದಷ್ಟೇ ಕೇಳುತ್ತಿತ್ತು. ದಾಟಿದ ಮೇಲೆ ಎಲ್ಲರೂ ಒಟ್ಟಿಗೆ ಮಾತಾಡುತ್ತ, ಇಳಿಜಾರಿನ ದಾರಿ ಹಿಡಿದು ಮನೆಗೆ ಹೋದರು.